ಊರ ಬೀದಿಗೆ ಪರವಾನಗಿ

2025ರ ನವೆಂಬರ್ 16ರ ಭಾನುವಾರ ಮಧ್ಯಾಹ್ನ ಕಲಬುರಗಿ ಜಿಲ್ಲೆಯ ಚಿತ್ತಾಪುರದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪಥಸಂಚಲನ ನಡೆಯಿತು. ಗಣವೇಷದವರು 300 ಮಂದಿ, ವಾದ್ಯದವರು 50 ಮಂದಿ ಎಂಬ ಮಿತಿಯಿತ್ತು. ಹಾದಿ, ಹೊತ್ತು ಎರಡೂ ಮೊದಲೇ ಗೊತ್ತಾಗಿದ್ದವು. ಬಿಗಿ ಬಂದೋಬಸ್ತಿನ ನಡುವೆ ಅದು ಶಾಂತವಾಗಿ ಮುಗಿಯಿತು. ಇಷ್ಟಕ್ಕೆ ಹಿಡಿದದ್ದು ನಾಲ್ಕು ವಾರ. ಸಂಘ ಮೊದಲು ಕೇಳಿದ್ದ ದಿನ ಅಕ್ಟೋಬರ್ 19. ಅದೇ ದಿನ ಅದೇ ಹಾದಿಯಲ್ಲಿ ತಾವೂ ಮೆರವಣಿಗೆ ಮಾಡುತ್ತೇವೆಂದು ಭೀಮ್ ಆರ್ಮಿ ಮತ್ತು ದಲಿತ್ ಪ್ಯಾಂಥರ್ ಸಂಘಟನೆಗಳು ಮುಂದೆ ಬಂದಿದ್ದರಿಂದ, ಶಾಂತಿಭಂಗವಾದೀತೆಂದು ತಹಶೀಲ್ದಾರರು ಅನುಮತಿ ನಿರಾಕರಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಭಾನುವಾರವೇ ಕುಳಿತು ವಿಚಾರಣೆ ನಡೆಸಿತು. ನವೆಂಬರ್ 2ಕ್ಕೆ ಹೊಸದಾಗಿ ಅರ್ಜಿ ಹಾಕಲು ದಾರಿಯಾಯಿತು. ಅಷ್ಟರಲ್ಲಿ ಆ ದಿನವೇ ಬೇಕೆಂದು ಇನ್ನೂ ಹಲವು ಸಂಘಟನೆಗಳು ಅರ್ಜಿ ಹಾಕಿದವು. ಕಲಬುರಗಿಯಲ್ಲಿ ಅಕ್ಟೋಬರ್ 28ರಂದು ಸೇರಿದ ಶಾಂತಿಸಭೆ ಒಮ್ಮತಕ್ಕೆ ಬರಲಿಲ್ಲ. ಮತ್ತೊಂದು ಸುತ್ತಿನ ಮಾತುಕತೆ ಬೆಂಗಳೂರಿನಲ್ಲಿ ಅಡ್ವೊಕೇಟ್ ಜನರಲ್ ಕಚೇರಿಯಲ್ಲಿ ನಡೆಯಬೇಕಾಯಿತು. ತಾಲ್ಲೂಕು ಕೇಂದ್ರದ ಒಂದು ಬೀದಿಯಲ್ಲಿ ಕೆಲವೇ ತಾಸು ನಡೆಯುವ ಕಾರ್ಯಕ್ರಮ ರಾಜ್ಯದ ಅತಿ ದೊಡ್ಡ ಕಾನೂನು ಅಧಿಕಾರಿಯ ಮೇಜಿನ ತನಕ ಹೋಗಿ ಬಂತು.

ಈ ಪ್ರಕರಣಕ್ಕೆ ರಾಜಕೀಯ ಹಿನ್ನೆಲೆಯಿದೆ. ಚಿತ್ತಾಪುರದ ಶಾಸಕರೂ ಸಚಿವರೂ ಆದ ಪ್ರಿಯಾಂಕ್ ಖರ್ಗೆ ಅವರು ಸರ್ಕಾರಿ ಜಾಗಗಳಲ್ಲಿ ಸಂಘದ ಚಟುವಟಿಕೆಗೆ ತಡೆ ಹಾಕಬೇಕೆಂದು ಅದೇ ಅಕ್ಟೋಬರ್ ಮೊದಲ ವಾರದಲ್ಲಿ ಮುಖ್ಯಮಂತ್ರಿಗೆ ಪತ್ರ ಬರೆದಿದ್ದರು. ಅಕ್ಟೋಬರ್ 18ರಂದು ಸರ್ಕಾರಿ ಜಾಗಗಳಲ್ಲಿ ಖಾಸಗಿ ಸಂಘಟನೆಗಳ ಕಾರ್ಯಕ್ರಮಕ್ಕೆ ಮುಂಗಡ ಅನುಮತಿ ಕಡ್ಡಾಯವೆಂಬ ಆದೇಶ ಹೊರಟಿತು. ಹೈಕೋರ್ಟಿನ ಧಾರವಾಡ ಪೀಠ ಅಕ್ಟೋಬರ್ 28ರಂದು ಅದಕ್ಕೆ ತಡೆ ನೀಡಿತು. ಸರ್ಕಾರದ ಮೇಲ್ಮನವಿಯೂ ನವೆಂಬರ್ 6ರಂದು ಬಿದ್ದುಹೋಯಿತು. ಸಂಘದ ವಿಚಾರ ಸರಿಯೋ ತಪ್ಪೋ, ಸಚಿವರ ಆತಂಕ ಸರಿಯೋ ತಪ್ಪೋ ಎಂಬ ಚರ್ಚೆಗೆ ಬೇರೆ ವೇದಿಕೆಗಳಿವೆ. ಇಲ್ಲಿ ಕೇಳಬೇಕಾದದ್ದು ಒಂದೇ. ಕೊನೆಗೆ ಇತ್ಯರ್ಥವಾದದ್ದು ಯಾವುದರ ಮೇಲೆ? ಎಷ್ಟು ಜನ, ಯಾವ ಹಾದಿ, ಎಷ್ಟು ಹೊತ್ತು, ಇಷ್ಟರ ಮೇಲೆ. ಕೇಳುವವರು ಯಾರು, ಅವರನ್ನು ಒಪ್ಪದವರು ಯಾರು ಎಂಬುದರಿಂದ ಶುರುವಾದ ವ್ಯವಹಾರ ನಾಲ್ಕು ವಾರ ಸುತ್ತಿ ಈ ಮೂರಕ್ಕೆ ಬಂದು ನಿಂತಿತು. ಮೊದಲ ದಿನವೇ ಇದರಿಂದ ಆರಂಭಿಸಲು ಆಗದಂತೆ ತಡೆದದ್ದು ಏನೆಂದರೆ, ಎಲ್ಲರಿಗೂ ಅನ್ವಯಿಸುವ, ಮೊದಲೇ ಬರೆದು ಪ್ರಕಟಿಸಿದ ನಿಯಮ ಆ ಊರಿಗೆ ಇಲ್ಲದಿದ್ದದ್ದು. ಅದೇ ಜಿಲ್ಲೆಯ ಸೇಡಂ, ಚಿಂಚೋಳಿ, ವಾಡಿ, ಶಹಾಬಾದಗಳಲ್ಲಿಯೂ ಪರವಾನಗಿಯ ಪದ್ಧತಿ ಬೇರೆಯೇನಲ್ಲ. ಆ ನಿಯಮ ಬರೆಯುವ ಹೊಣೆ ಊರಿನ ಪುರಸಭೆ, ನಗರಸಭೆಗಳದ್ದು ಎಂಬುದೇ ಈ ಅಧ್ಯಾಯದ ವಾದ.

ಸಭೆ ಸೇರಲು ಅಪ್ಪಣೆ ಬೇಡುವ ಕಷ್ಟ ಏನೆಂದು ಈ ಸೀಮೆಗೆ ಹೊಸದಾಗಿ ಹೇಳಬೇಕಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಗುಲಬರ್ಗಾ ಜಿಲ್ಲೆ ನಿಜಾಮರ ಸಂಸ್ಥಾನದಲ್ಲಿತ್ತು. ಮುಂಗಡ ಪರವಾನಗಿಯಿಲ್ಲದೆ ಸಾರ್ವಜನಿಕ ಸಭೆ ನಡೆಸುವಂತಿಲ್ಲವೆಂಬ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಆಗ ಕುಖ್ಯಾತವಾಗಿತ್ತು. ಹೈದರಾಬಾದ್ ಸಂಸ್ಥಾನದ ರಾಜಕೀಯ ಪರಿಷತ್ತುಗಳು ಎಲ್ಲಿ ನಡೆದವೆಂದು ನೋಡಿದರೆ ಅದರ ಬಿಗಿ ಎಷ್ಟಿತ್ತೆಂದು ಅರ್ಥವಾಗುತ್ತದೆ. 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬಯಿ, 1928ರಲ್ಲಿ ಪುಣೆ, 1931ರಲ್ಲಿ ಅಕೋಲಾ. ಒಂದೂ ಸಂಸ್ಥಾನದ ಒಳಗಿಲ್ಲ. ಸ್ವಂತ ಊರಿನ ಸಂಕಟ ಹೇಳಿಕೊಳ್ಳಲು ಪರರಾಜ್ಯಕ್ಕೆ ಹೋಗಬೇಕಿತ್ತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಆಗ ಅನುಮತಿ ಎಂದರೆ ದೊರೆಯ ಕೃಪೆ. ಕೊಟ್ಟರೂ ಕಾರಣ ಹೇಳಬೇಕಿಲ್ಲ, ಕೊಡದಿದ್ದರೂ ಹೇಳಬೇಕಿಲ್ಲ. ಸಂವಿಧಾನ ಈ ಲೆಕ್ಕವನ್ನು ತಿರುವಿಹಾಕಿತು. 19ನೇ ವಿಧಿಯ ಪ್ರಕಾರ ನಿರಾಯುಧರಾಗಿ ಶಾಂತವಾಗಿ ಸೇರುವುದು ಪ್ರಜೆಯ ಹಕ್ಕು. ನಿರ್ಬಂಧ ಹಾಕುವುದಾದರೆ ಅದು ಸಮಂಜಸವೆಂದು ತೋರಿಸುವ ಭಾರ ಸರ್ಕಾರದ್ದು. ಕಾನೂನು ಹೀಗೆ ಬದಲಾದರೂ ಕಚೇರಿಯ ರೂಢಿ ಪೂರ್ತಿ ಬದಲಾಗಿಲ್ಲ. ಅರ್ಜಿಯನ್ನು ಟಪಾಲಿಗೆ ಕೊಟ್ಟು ಮುದ್ರೆ ಒತ್ತಿಸಿಕೊಂಡವನು ಅಲ್ಲಿಂದ ಮುಂದೆ ಪೊಲೀಸ್ ಠಾಣೆಯ ವರದಿ, ಪುರಸಭೆಯ ಎನ್‌ಒಸಿ, ಜೆಸ್ಕಾಂನವರ ತಾತ್ಕಾಲಿಕ ವಿದ್ಯುತ್ ಸಂಪರ್ಕ, ಮೈಕಿನ ಪರವಾನಗಿ ಎಂದು ಬಾಗಿಲು ಬಾಗಿಲಿಗೆ ಅಲೆಯುತ್ತಾನೆ. ಉತ್ತರ ಕಾರ್ಯಕ್ರಮದ ಹಿಂದಿನ ಸಂಜೆ ಬಂದರೆ ಅದರ ಮೇಲೆ ಮೇಲ್ಮನವಿ ಹೋಗಲು ಹೊತ್ತೆಲ್ಲಿ? ತಡವಾಗಿ ಬಂದ ನಿರಾಕರಣೆಗೆ ಎಷ್ಟು ಒಳ್ಳೆಯ ಕಾರಣ ಬರೆದಿದ್ದರೂ ಅದು ನಿಷೇಧವೇ ಆಗುತ್ತದೆ.

1972ರಲ್ಲೇ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಬಿಡಿಸಿ ಹೇಳಿದೆ. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ, ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸಲು ಪೊಲೀಸ್ ಕಮಿಷನರರ ಅನುಮತಿ ಬೇಕೆಂಬ ನಿಯಮ ರದ್ದಾಯಿತು. ಅನುಮತಿ ಕೇಳುವುದೇ ತಪ್ಪೆಂದು ಕೋರ್ಟು ಹೇಳಲಿಲ್ಲ. ಬೀದಿಯ ಬಳಕೆಯನ್ನು ಸರ್ಕಾರ ನಿಯಂತ್ರಿಸಬಹುದೆಂದೇ ಹೇಳಿತು. ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಎಂಬ ಮಾರ್ಗಸೂಚಿಯೇ ಇಲ್ಲದೆ ಎಲ್ಲವನ್ನೂ ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು ಅದರ ದೋಷವಾಗಿತ್ತು. ಚಿತ್ರಮಂದಿರದ ಲೈಸೆನ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964ರದ್ದು. ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಅವರು ಏನೇನು ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ: ಜಾಗ ಯೋಗ್ಯವೇ, ಸಾರ್ವಜನಿಕರ ಹಿತ ಏನು, ಸುತ್ತ ಆಗಲೇ ಎಷ್ಟು ಚಿತ್ರಮಂದಿರಗಳಿವೆ. ಬಾಗಿಲು, ಆಸನ, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲಕ್ಕೂ ನಿಯಮಗಳಿವೆ. ಅತೃಪ್ತರಿಗೆ ಮೇಲ್ಮನವಿಯ ದಾರಿಯಿದೆ. ಒಂದು ಟಾಕೀಸು ಕಟ್ಟುವವನಿಗೆ ಸಿಗುವ ಈ ಸ್ಪಷ್ಟತೆ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಗೆ, ಗಣೇಶನನ್ನು ಕಳಿಸುವ ಯುವಕ ಮಂಡಳಿಗೆ, ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ, ಉರುಸಿನ ಕವ್ವಾಲಿಗೆ ಸಿಗುವುದಿಲ್ಲ. ಇದ್ದದ್ದರಲ್ಲಿ ಖಚಿತವಾದದ್ದು ಶಬ್ದದ ಮಿತಿ ಮಾತ್ರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಇದನ್ನು ಪಾಲಿಸುವವರು ಕಡಿಮೆ. ಆದರೆ ನಿಯಮ ಯಾರ ಮೈಕಿಗೂ ಒಂದೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಬೀದಿಯ ವಿಷಯದಲ್ಲಿ ಬೇಕಾಗಿರುವುದು ಅದೇ ಬಗೆಯ ಸಮಾನತೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಊರಿನಲ್ಲಿ ನಿಜವಾಗಿ ಹೊಡೆದಾಟವಾಗುವ ಸಂಭವವಿದ್ದರೆ ತಹಶೀಲ್ದಾರರು ನಿಯಮದ ಪುಸ್ತಕ ಹಿಡಿದು ಕೂರಬೇಕೇ? ಬೇಡ. ತುರ್ತು ಸಂದರ್ಭಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ನಿನ ಅಧಿಕಾರ ಇದ್ದೇ ಇದೆ. ಆದರೆ ವಿರೋಧವಿದೆ ಎಂಬುದೊಂದನ್ನೇ ನಿರಾಕರಣೆಗೆ ಕಾರಣವಾಗಿ ಒಪ್ಪಿದರೆ, ಯಾವ ಮೆರವಣಿಗೆಯನ್ನಾದರೂ ನಿಲ್ಲಿಸುವುದು ಸುಲಭವಾಗುತ್ತದೆ. ಅದೇ ದಿನಕ್ಕೆ ಇನ್ನೊಂದು ಅರ್ಜಿ ಹಾಕಿದರೆ ಸಾಕು. ಇಂಗ್ಲೆಂಡಿನ ವೆಸ್ಟನ್-ಸೂಪರ್-ಮೇರ್ ಎಂಬ ಊರಿನಲ್ಲಿ ಸಾಲ್ವೇಶನ್ ಆರ್ಮಿಯವರ ಮೆರವಣಿಗೆಯನ್ನು ಸ್ಕೆಲಿಟನ್ ಆರ್ಮಿ ಎಂಬ ವಿರೋಧಿ ಗುಂಪು ಅಡ್ಡಗಟ್ಟುತ್ತಿತ್ತು. ಗಲಾಟೆಗೆ ಮೆರವಣಿಗೆಯವರನ್ನೇ ಹೊಣೆ ಮಾಡಲಾಯಿತು. 1882ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು: ಇನ್ನೊಬ್ಬರು ಗಲಾಟೆ ಮಾಡುತ್ತಾರೆಂದು ಕಾನೂನುಬದ್ಧ ಕೆಲಸ ಕಾನೂನುಬಾಹಿರವಾಗದು. ಮೀಸಲಾತಿಯ ಕುರಿತ ತಮಿಳು ಚಿತ್ರವೊಂದರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 1989ರಲ್ಲಿ ಇದೇ ದಾರಿ ಹಿಡಿಯಿತು. ಪ್ರತಿಭಟನೆಯ ಬೆದರಿಕೆಗೆ ಮಣಿಯದೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸವೆಂದಿತು. ಚಿತ್ತಾಪುರದ ದಲಿತ ಸಂಘಟನೆಗಳಿಗೂ ಇದೇ ಮಾತು ಅಷ್ಟೇ ಬಲವಾಗಿ ಅನ್ವಯಿಸುತ್ತದೆ. ಅವರದ್ದು ಅಡ್ಡಿಯ ಅರ್ಜಿ ಎಂದು ತಳ್ಳಿಹಾಕಲು ಯಾರಿಗೂ ಅಧಿಕಾರವಿಲ್ಲ. ನಾಳೆ ಅವರು ಕೇಳಿದ ದಿನಕ್ಕೆ ಇನ್ನೊಬ್ಬರು ಅಡ್ಡಬಂದರೆ ಅವರಿಗೂ ರಕ್ಷಣೆ ಬೇಕು. ಮೊದಲು ಬಂದ ಅರ್ಜಿಗೆ ಆ ದಿನ, ನಂತರದವುಗಳಿಗೆ ಇಂತಿಷ್ಟು ದಿನದ ಅಂತರದಲ್ಲಿ ಅದೇ ಹಾದಿ, ಅದೇ ಮಿತಿ, ಅದೇ ಬಂದೋಬಸ್ತು ಎಂದು ಬರೆದಿಟ್ಟಿದ್ದರೆ ಯಾರ ಗೌರವಕ್ಕೂ ಕುಂದಿಲ್ಲ. ದೊಣ್ಣೆ, ತಲವಾರು ಹಿಡಿಯುವ ಪ್ರಶ್ನೆಯೂ ಹಾಗೆಯೇ. ಒಂದು ಸಂಘಟನೆಗೆ ಕೂಡದೆಂದರೆ ಎಲ್ಲ ಮೆರವಣಿಗೆಗೂ ಕೂಡದು.

ನಿಯಮ ಬರೆಯುವವರು ಯಾರು? ಇಂಗ್ಲೆಂಡಿನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ ಮನರಂಜನಾ ಸ್ಥಳಗಳ ಪರವಾನಗಿಯನ್ನು ಸ್ಥಳೀಯ ಕೌನ್ಸಿಲುಗಳಿಗೆ ಕೊಟ್ಟಿತು. ಯಾರೂ ಆಕ್ಷೇಪಿಸದಿದ್ದರೆ ಕೌನ್ಸಿಲು ಲೈಸೆನ್ಸ್ ಕೊಡಲೇಬೇಕು. ಆಕ್ಷೇಪ ಬಂದರೆ ಸದಸ್ಯರ ಸಮಿತಿ ಬಹಿರಂಗವಾಗಿ ವಿಚಾರಿಸಬೇಕು. ಆಕ್ಷೇಪಕ್ಕೆ ಆಧಾರ ನಾಲ್ಕೇ: ಅಪರಾಧ ತಡೆ, ಜನರ ಸುರಕ್ಷತೆ, ಉಪದ್ರವ ತಡೆ, ಮಕ್ಕಳ ರಕ್ಷಣೆ. ಮಾಲೀಕ ಇಷ್ಟವಿಲ್ಲ, ಅವನ ಪಕ್ಷ ಇಷ್ಟವಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ನಮ್ಮಲ್ಲಿ ಪುರಸಭೆಗೆ ಇಂಥ ಅಧಿಕಾರ ಕೊಟ್ಟರೆ ಬಹುಮತದ ಪಕ್ಷ ತನ್ನವರಿಗೆ ಹಂಚಿಕೊಳ್ಳುತ್ತದೆ ಎಂದು ಹೆದರುವವರಿದ್ದಾರೆ. ಹೆದರಿಕೆ ಸುಳ್ಳಲ್ಲ. ಅದಕ್ಕಾಗಿಯೇ ಎರಡು ಕೆಲಸಗಳನ್ನು ಬೇರೆ ಮಾಡಬೇಕು. ಪುರಸಭೆ ಬೈಲಾ ಬರೆಯಲಿ. ಒಂದೊಂದು ಅರ್ಜಿಯ ಮೇಲೆ ಆದೇಶವನ್ನು ಆ ಬೈಲಾ ನೋಡಿ ಅಧಿಕಾರಿ ಕೊಡಲಿ. ಸಾಮಾನ್ಯ ಸಭೆಯಲ್ಲಿ ನಿಯಮ ಮಾಡುವ ಹೊತ್ತಿಗೆ ಸದಸ್ಯರ ಮುಂದೆ ಯಾರ ಅರ್ಜಿಯೂ ಇರುವುದಿಲ್ಲ. ಇಂದು ಎದುರಾಳಿಗೆ ಹಾಕಿದ ಕಟ್ಟು ನಾಳೆ ತಮ್ಮ ಮೆರವಣಿಗೆಗೂ ಬೀಳುತ್ತದೆಂದು ಅವರಿಗೆ ಗೊತ್ತಿರುತ್ತದೆ. ಯಾವ ಬೀದಿ ಎಷ್ಟು ಅಗಲ, ಸಂತೆಯ ದಿನ ಎಲ್ಲಿ ಕಾಲಿಡಲು ಆಗುವುದಿಲ್ಲ, ಆಸ್ಪತ್ರೆಯ ಎದುರು ಎಷ್ಟು ಹೊತ್ತು ತಡೆದರೆ ಕಷ್ಟ ಎಂಬುದು ವಾರ್ಡಿನ ಸದಸ್ಯನಿಗೆ ತಿಳಿದಷ್ಟು ವರ್ಗವಾಗಿ ಬಂದ ಅಧಿಕಾರಿಗೆ ತಿಳಿಯದು. ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬೈಲಾ ಮಾಡುವ ಅಧಿಕಾರ ಈಗಾಗಲೇ ಇದೆ. ಸರ್ಕಾರದ ಮಂಜೂರಾತಿ ಬೇಕಾಗುವುದರಿಂದ ಅತಿರೇಕಕ್ಕೆ ಒಂದು ತಡೆಯೂ ಇದೆ.

ಒಂದೇ ಅಚ್ಚಿನ ಬೈಲಾ ಎಲ್ಲ ಊರಿಗೂ ಹೊಂದದು. ವಾಡಿ ರೈಲ್ವೆ ಜಂಕ್ಷನ್ನಿನ, ಸಿಮೆಂಟ್ ಕಾರ್ಖಾನೆಯ ಊರು. ರೈಲ್ವೆಯ ಜಾಗದಲ್ಲಿ, ಕಂಪನಿಯ ಜಾಗದಲ್ಲಿ ಪುರಸಭೆಯ ಮಾತು ನಡೆಯದು. ಆದ್ದರಿಂದ ತನ್ನ ಸ್ವಾಧೀನದ ಮೈದಾನ ಯಾವುದೆಂದು ಪುರಸಭೆ ಮೊದಲು ಪಟ್ಟಿ ಮಾಡಬೇಕು. ಸೇಡಂನ ಅನುಭವ ಇನ್ನೊಂದು ತುದಿಯದು. ಅಲ್ಲಿ 2025ರ ಜನವರಿ 29ರಿಂದ ಫೆಬ್ರುವರಿ 6ರವರೆಗೆ ನಡೆದ ಭಾರತೀಯ ಸಂಸ್ಕೃತಿ ಉತ್ಸವದಂಥ ಒಂಬತ್ತು ದಿನದ ಕಾರ್ಯಕ್ರಮಕ್ಕೆ ನೀರು, ಶೌಚ, ವಾಹನ ನಿಲ್ದಾಣ, ಆಂಬುಲೆನ್ಸಿನ ದಾರಿ ಎಲ್ಲವೂ ತಿಂಗಳುಗಟ್ಟಲೆ ಮೊದಲೇ ಗೊತ್ತಾಗಬೇಕು. ಆದೇಶ ಕೊಡುವ ಅಧಿಕಾರಿಯೂ ಊರಿಂದ ಊರಿಗೆ ಬೇರೆ. ಶಹಾಬಾದಿನಲ್ಲಿ ನಗರಸಭೆ ಇದೆ, ಪೌರಾಯುಕ್ತರಿದ್ದಾರೆ. ಚಿಂಚೋಳಿಯಲ್ಲಿ ಪುರಸಭೆಯ ಮುಖ್ಯಾಧಿಕಾರಿಯೇ ಎಲ್ಲ.

ಅನುಮತಿಯೇ ಏಕೆ ಬೇಕು, ತಿಳಿಸಿದರೆ ಸಾಲದೇ ಎನ್ನುವವರಿಗೆ 2025ರ ಜೂನ್ 4 ಉತ್ತರ ಹೇಳುತ್ತದೆ. ಅಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕು 11 ಜನ ಸತ್ತರು. ಆ ದಿನದ ಕ್ರಿಕೆಟ್ ವಿಜಯೋತ್ಸವದ ಸಂಘಟಕರು ಕ್ರಮಬದ್ಧವಾಗಿ ಅನುಮತಿ ಪಡೆದಿರಲಿಲ್ಲವೆಂದು ಸರ್ಕಾರ ಹೈಕೋರ್ಟಿಗೆ ತಿಳಿಸಿತು. ಎಷ್ಟು ಜನ ಬರಬಹುದು, ಎಷ್ಟು ಬಾಗಿಲು ತೆರೆದಿವೆ ಎಂದು ಮೊದಲೇ ಕೂತು ಲೆಕ್ಕ ಹಾಕದಿದ್ದರೆ ಜೀವಗಳೇ ಹೋಗುತ್ತವೆ. ಅದರ ನಂತರ ಆಗಸ್ಟಿನಲ್ಲಿ ವಿಧಾನಸಭೆಗೆ ಬಂದು ಸದನ ಸಮಿತಿಗೆ ಹೋದ ಜನಸಂದಣಿ ನಿಯಂತ್ರಣ ಮಸೂದೆ ಅಧಿಕಾರವನ್ನು ಜನಸಂಖ್ಯೆಯ ಮೇಲೆ ಹಂಚಿತು. 7,000ಕ್ಕಿಂತ ಕಡಿಮೆ ಜನ ಸೇರುವಲ್ಲಿ ಠಾಣಾಧಿಕಾರಿ, 50,000ದವರೆಗೆ ಡಿವೈಎಸ್‌ಪಿ, ಅದಕ್ಕಿಂತ ಮೇಲೆ ಎಸ್‌ಪಿ ಅಥವಾ ಕಮಿಷನರು. ಯಾರ ಕಾರ್ಯಕ್ರಮ ಎನ್ನುವುದನ್ನು ಬಿಟ್ಟು ಎಷ್ಟು ದೊಡ್ಡದು ಎನ್ನುವುದನ್ನು ಹಿಡಿದ ಈ ಕ್ರಮ ಸರಿಯಾದದ್ದು. ಈ ಅಳತೆಯಲ್ಲಿ ಚಿತ್ತಾಪುರದ 350 ಮಂದಿಯ ನಡಿಗೆ ಠಾಣಾಧಿಕಾರಿಯ ಹಂತದಲ್ಲೇ ತೀರ್ಮಾನವಾಗುವಷ್ಟು ಸಣ್ಣದು. ಮಸೂದೆಯ ಕೊರತೆ ಎಂದರೆ ಅದು ಊರಿನ ಪುರಸಭೆಯನ್ನು ಹೊರಗಿಟ್ಟು ಎಲ್ಲವನ್ನೂ ಪೊಲೀಸರ ಕೈಗೆ ಒಪ್ಪಿಸುತ್ತದೆ.

ಸಣ್ಣ ಊರಿನ ಪುರಸಭೆಗೆ ಇಷ್ಟಕ್ಕೆಲ್ಲ ಸಿಬ್ಬಂದಿ ಎಲ್ಲಿದೆ ಎಂಬುದು ಉಳಿದ ಆಕ್ಷೇಪ. ಕಸ ಎತ್ತಲು ಜನ ಸಾಲದ ಕಚೇರಿಗೆ ಇನ್ನೊಂದು ಹೊರೆ ಬೇಡ ಎನ್ನುವುದು ನ್ಯಾಯವೇ. ಆದರೆ ಬೇಕಾದ ಸಾಮಗ್ರಿ ಬಹಳವಿಲ್ಲ. ಮೆರವಣಿಗೆಯ ಹಾದಿಗಳನ್ನು ಗುರುತಿಸಿದ ಊರಿನ ನಕ್ಷೆ, ಮೈದಾನಗಳ ಪಟ್ಟಿ, ಒಂದು ಪುಟದ ಅರ್ಜಿ ನಮೂನೆ, ಯಾವ ದಿನ ಯಾರಿಗೆ ಕೊಟ್ಟಿದೆಯೆಂದು ಬರೆದ ವಹಿ. ಆ ವಹಿ ಕಚೇರಿಯ ಫಲಕದ ಮೇಲೆ ಎಲ್ಲರಿಗೂ ಕಾಣಬೇಕು. ಅರ್ಜಿ ಬಂದ ಮೂರು ದಿನದೊಳಗೆ ಕೊರತೆ ಇದ್ದರೆ ತಿಳಿಸಬೇಕು. ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಕಾರಣಸಹಿತ ಆದೇಶ ಕೈಗೆ ಸಿಗಬೇಕು. ಅದರ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗಿ ಎರಡು ದಿನದಲ್ಲಿ ಉತ್ತರ ಬರಬೇಕು. ಈ ದಿನಗಳ ಲೆಕ್ಕ ಹೆಚ್ಚುಕಡಿಮೆ ಆಗಬಹುದು, ಸೇಡಂಗೆ ಒಂದು, ವಾಡಿಗೆ ಇನ್ನೊಂದು. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಕೂತ ಕಾಲದಲ್ಲೂ ಮುರಿಯದೆ ನಡೆಯುವಂತೆ ಅದು ಬರವಣಿಗೆಯಲ್ಲಿರಬೇಕು. ಮಂಡಳಿ ಇರುವಾಗಲೇ, ಯಾವ ಹಬ್ಬವೂ ಚುನಾವಣೆಯೂ ಹತ್ತಿರವಿಲ್ಲದ ತಿಂಗಳಲ್ಲಿ, ಇದನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ತರುವಂತೆ ತನ್ನ ವಾರ್ಡಿನ ಸದಸ್ಯನನ್ನು ಕೇಳುವುದು ಯಾವ ನಾಗರಿಕನಿಗೂ ಸಾಧ್ಯ.