ಯುದ್ಧವಿಲ್ಲದೆ ಕೈಬದಲಾದ ಜೆರುಸಲೇಮ್

ಜೆರುಸಲೇಮಿಗಾಗಿ ಹರಿದ ರಕ್ತಕ್ಕೆ ಲೆಕ್ಕವಿಲ್ಲ. 1099ರಲ್ಲಿ ಯುರೋಪಿನ ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಯೋಧರು ಅದನ್ನು ಗೆದ್ದಾಗ ಊರಿಗೆ ಊರೇ ಹತ್ಯಾಕಾಂಡಕ್ಕೆ ತುತ್ತಾಯಿತು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಅದನ್ನು ಮರಳಿ ಪಡೆದ. ಇಂಗ್ಲೆಂಡಿನ ರಾಜ ರಿಚರ್ಡ್ ದಂಡೆತ್ತಿ ಬಂದರೂ ನಗರ ಅವನ ಕೈಗೆ ಸಿಗಲಿಲ್ಲ. ಅದೇ ಜೆರುಸಲೇಮ್ 1229ರ ಫೆಬ್ರವರಿ 18ರಂದು ಬರೀ ಮಾತುಕತೆಯಿಂದ ಕ್ರೈಸ್ತರ ವಶಕ್ಕೆ ಬಂತು.

ಸಂಧಿ ಮಾಡಿಕೊಂಡವರು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೇ ಫ್ರೆಡರಿಕ್ ಹಾಗೂ ಸಲಾದಿನ್‌ನ ತಮ್ಮನ ಮಗ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್.

ಇಬ್ಬರಿಗೂ ಯುದ್ಧ ಬೇಡವಾಗಿತ್ತು. ಡಮಾಸ್ಕಸ್ ಆಳುತ್ತಿದ್ದ ಸ್ವಂತ ತಮ್ಮನೊಂದಿಗೆ ವೈರ ಬೆಳೆದಾಗ, ನೆರವಿಗೆ ಬಂದರೆ ಜೆರುಸಲೇಮ್ ಕೊಡುವುದಾಗಿ ಸುಲ್ತಾನನೇ ಫ್ರೆಡರಿಕ್‌ಗೆ ಹೇಳಿ ಕಳಿಸಿದ್ದ. 1227ರಲ್ಲಿ ಆ ತಮ್ಮ ತೀರಿಕೊಂಡ. ಮರುವರ್ಷ ಫ್ರೆಡರಿಕ್ ಬಂದಿಳಿದಾಗ ಸುಲ್ತಾನನ ಗಮನವೆಲ್ಲ ಡಮಾಸ್ಕಸ್ಸನ್ನು ತಮ್ಮನ ಮಗನಿಂದ ಕಿತ್ತುಕೊಳ್ಳುವುದರ ಮೇಲಿತ್ತು. ಇತ್ತ ಫ್ರೆಡರಿಕ್‌ನ ಪಾಡೂ ಸುಖದ್ದಲ್ಲ. ಕಾಯಿಲೆಯಿಂದ ಕ್ರುಸೇಡ್ ಯಾತ್ರೆ ಮುಂದೂಡಿದ್ದಕ್ಕೆ ಪೋಪ್ ಒಂಬತ್ತನೇ ಗ್ರೆಗರಿ ಅವನಿಗೆ ಧಾರ್ಮಿಕ ಬಹಿಷ್ಕಾರ ಹಾಕಿದ್ದರು. ಅವನು ಊರು ಬಿಟ್ಟ ಮೇಲೆ ಇಟಲಿಯಲ್ಲಿದ್ದ ಅವನ ರಾಜ್ಯದ ಮೇಲೆ ಪೋಪ್ ಸೇನೆಯೇ ನುಗ್ಗಿತು.

ಸುಲ್ತಾನನ ದೂತ ಫಖ್ರುದ್ದೀನ್ ತಿಂಗಳುಗಟ್ಟಲೆ ಸಂಧಾನ ನಡೆಸಿದ. ಸಿಸಿಲಿಯಲ್ಲಿ ಬೆಳೆದ ಫ್ರೆಡರಿಕ್‌ಗೆ ಅರಬ್ ವಿದ್ಯೆಯ ಮೇಲೆ ಅಪಾರ ಗೌರವ. ಗಣಿತ, ತತ್ವಶಾಸ್ತ್ರದ ಕಠಿಣ ಪ್ರಶ್ನೆಗಳನ್ನು ಅವನು ಸುಲ್ತಾನನಿಗೆ ಕಳಿಸುತ್ತಿದ್ದನೆಂದು ಅರಬ್ ಚರಿತ್ರೆಕಾರರು ಬರೆದಿದ್ದಾರೆ.

ಕೊನೆಗೆ 10 ವರ್ಷ ಮೀರಿದ ಅವಧಿಗೆ ಕದನವಿರಾಮ ನಿಗದಿಯಾಯಿತು. ಜೆರುಸಲೇಮ್, ಬೆತ್ಲೆಹೆಮ್, ನಜರೇತ್ ಹಾಗೂ ಕರಾವಳಿಗೆ ದಾರಿಯಾಗುವ ಒಂದಿಷ್ಟು ಜಾಗ ಕ್ರೈಸ್ತರಿಗೆ ಸಂದಿತು. ಆದರೆ ಜೆರುಸಲೇಮಿನ ಒಳಗೇ ಇರುವ ಅಲ್-ಅಕ್ಸಾ ಮಸೀದಿ ಮತ್ತು ಬಂಡೆಯ ಗುಮ್ಮಟದ ಆವರಣ ಮುಸ್ಲಿಮರ ಕೈಯಲ್ಲೇ ಉಳಿಯಿತು. ಅಲ್ಲಿ ನಮಾಜಿಗೆ ಅಡ್ಡಿಯಿರಲಿಲ್ಲ. ಸಂಧಿಯ ನಿಜವಾದ ಜಾಣ್ಮೆ ಇಲ್ಲಿದೆ: ಒಂದೇ ಊರಲ್ಲಿ ಎರಡೂ ಧರ್ಮದವರ ಪೂಜಾಸ್ಥಳ ಅವರವರಿಗೇ ಉಳಿಯಿತು.

ಮಾರ್ಚ್ 17ರಂದು ಫ್ರೆಡರಿಕ್ ನಗರಕ್ಕೆ ಬಂದ. ಅತಿಥಿಗೆ ಮುಜುಗರವಾದೀತೆಂದು ಖಾಜಿ ಆ ರಾತ್ರಿ ಆಜಾನ್ ಕೂಗದಂತೆ ಹೇಳಿದ್ದರಂತೆ. ಬೆಳಗಾದ ಮೇಲೆ ಚಕ್ರವರ್ತಿ ಅದಕ್ಕೆ ಆಕ್ಷೇಪಿಸಿ, ಆಜಾನ್ ಕೇಳಬೇಕೆಂದೇ ಅಲ್ಲಿ ತಂಗಿದ್ದಾಗಿ ಹೇಳಿದನೆಂದು ಚರಿತ್ರೆಕಾರ ಇಬ್ನ್ ವಾಸಿಲ್ ದಾಖಲಿಸಿದ್ದಾನೆ. ನಗರಕ್ಕೆ ಬಂದ ಮರುದಿನ ಫ್ರೆಡರಿಕ್ ಏಸುವಿನ ಸಮಾಧಿಯ ಚರ್ಚಿನಲ್ಲಿ ಕಿರೀಟ ಧರಿಸಿದ.

ಇಷ್ಟಾದರೂ ಮೆಚ್ಚುಗೆ ಯಾರಿಗೂ ಸಿಗಲಿಲ್ಲ. ಡಮಾಸ್ಕಸ್ಸಿನ ದೊಡ್ಡ ಮಸೀದಿಯಲ್ಲಿ ಸಿಬ್ತ್ ಇಬ್ನ್ ಅಲ್-ಜೌಝಿ ಎಂಬ ಪ್ರವಚನಕಾರ ಜೆರುಸಲೇಮ್ ಕೈತಪ್ಪಿದ್ದಕ್ಕೆ ಶೋಕಿಸಿದಾಗ ಜನ ಗೋಳಾಡಿದರು. ಅತ್ತ ಜೆರುಸಲೇಮಿನ ಕ್ರೈಸ್ತ ಧರ್ಮಗುರು ಜೆರಾಲ್ಡ್ ಕೂಡ ಒಪ್ಪಂದವನ್ನು ಖಂಡಿಸಿದ. ಮೇ 1ರಂದು ಏಕರ್ ಬಂದರಿನಲ್ಲಿ ಹಡಗು ಹತ್ತಲು ಹೊರಟ ಚಕ್ರವರ್ತಿಯ ಮೇಲೆ ಕಟುಕರು ಪ್ರಾಣಿಗಳ ಕರುಳು, ಮಾಂಸದ ಚೂರುಗಳನ್ನು ಎಸೆದರು.

ಬೈದವರು ಇಬ್ಬರು ದೊರೆಗಳ ಸ್ವಾರ್ಥವನ್ನು ಕಂಡದ್ದು ಸುಳ್ಳಲ್ಲ. ಆದರೆ ಆ ಸ್ವಾರ್ಥವೇ ಸಾವಿರಾರು ಜನರ ಪ್ರಾಣ ಉಳಿಸಿತು ಎಂಬುದನ್ನು ಅವರು ಕಾಣಲಿಲ್ಲ. 1239ರಲ್ಲಿ ಅವಧಿ ಮುಗಿದ ಮೇಲೆ ಜಗಳ ಮತ್ತೆ ಶುರುವಾಯಿತು. 1244ರಲ್ಲಿ ಮಧ್ಯ ಏಷ್ಯಾ ಮೂಲದ ಖ್ವಾರಜ್ಮಿ ಸೈನಿಕರು ನುಗ್ಗಿ ಜೆರುಸಲೇಮನ್ನು ಸೂರೆ ಮಾಡಿದರು. ಕ್ರುಸೇಡ್ ರಾಜ್ಯಕ್ಕೆ ಆ ನಗರ ಮತ್ತೆಂದೂ ದಕ್ಕಲಿಲ್ಲ.