ಇಂಟು ಮಾರ್ಕು ಮಾಯವಾಗುವ ಹೊತ್ತು

ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವ ನಾನು ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ನೋಡುವ ತಪ್ಪೊಂದಿದೆ. ಸಮೀಕರಣದಲ್ಲಿ ಆ್ಯಸಿಡ್‌ ಮುಂದೆ 2 ಇದ್ದರೆ, ಅದರ ಆರ್ಡರ್ (ಅದರ ಗಾಢತೆಯ ಎಷ್ಟನೇ ಘಾತಕ್ಕೆ ಕ್ರಿಯೆಯ ವೇಗ ಅನುಗುಣ ಎಂಬ ಸಂಖ್ಯೆ) ಕೂಡ 2 ಎಂದು ಬರೆದುಬಿಡುತ್ತಾರೆ. ಸಮೀಕರಣ ಕೊಡುವುದು ಜಮಾಖರ್ಚು ಮಾತ್ರ. ವೇಗ ಬೇಕಿದ್ದರೆ ಗಡಿಯಾರ ಹಿಡಿದು ನಿಲ್ಲಬೇಕು.

ಅದಕ್ಕೇ ಲ್ಯಾಬಿನಲ್ಲಿ ಹೈಪೋ ಪ್ರಯೋಗ. ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲಿ ಇರುತ್ತಿದ್ದ ಬಿಳಿ ಹರಳು. ಕಾಗದದ ಮೇಲೆ ಇಂಟು ಮಾರ್ಕು ಹಾಕಿ, ಅದರ ಮೇಲೆ ಹೈಪೋ ದ್ರಾವಣದ ಫ್ಲಾಸ್ಕ್ ಇಟ್ಟು, ಹೈಡ್ರೋಕ್ಲೋರಿಕ್ ಆ್ಯಸಿಡ್ ಸುರಿದ ಕೂಡಲೇ ಸ್ಟಾಪ್‌ವಾಚ್ ಒತ್ತುತ್ತೇವೆ. ಗಂಧಕದ ಕಣಗಳು ಹುಟ್ಟಿ ದ್ರಾವಣ ಕದಡುತ್ತದೆ. ಮೇಲಿನಿಂದ ನೋಡುತ್ತಿದ್ದಂತೆ ಮಾರ್ಕು ಮಸುಕಾಗಿ ಮಾಯವಾಗುತ್ತದೆ. (ಜೊತೆಗೆ ಸಲ್ಫರ್ ಡೈಆಕ್ಸೈಡಿನ ಘಾಟು. ಕಿಟಕಿ ತೆರೆದಿರಲಿ.)

ಮಾರ್ಕನ್ನು ಮರೆಮಾಡಲು ಬೇಕಾದ ಗಂಧಕ ಪ್ರತಿಸಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 1ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗದ ಅಳತೆ ಸಿಕ್ಕಿತು. 50 ಎಂಎಲ್ ಹೈಪೋಗೆ 30 ಸೆಕೆಂಡು ಹಿಡಿಯಿತು ಅಂದುಕೊಳ್ಳಿ. 25 ಎಂಎಲ್ ಹೈಪೋಗೆ 25 ಎಂಎಲ್ ನೀರು ಬೆರೆಸಿ, ಅಷ್ಟೇ ಆ್ಯಸಿಡ್ ಹಾಕಿದರೆ ಸುಮಾರು 60 ಸೆಕೆಂಡು ಹಿಡಿಯುತ್ತದೆ. ಹೈಪೋ ಅರ್ಧವಾದರೆ ವೇಗವೂ ಅರ್ಧ: ಆರ್ಡರ್ 1. ವೇಗ ಕಾಲುಭಾಗಕ್ಕೆ ಕುಸಿದಿದ್ದರೆ 2 ಎನ್ನಬೇಕಿತ್ತು.

ಈಗ ಹೈಪೋ ಬದಲಿಸದೆ ಆ್ಯಸಿಡನ್ನಷ್ಟೇ ದುಪ್ಪಟ್ಟು ಗಾಢ ಮಾಡಿ. ಸಮಯ ಹೆಚ್ಚೇನೂ ಇಳಿಯುವುದಿಲ್ಲ. ಸಮೀಕರಣದಲ್ಲಿ 2 ಹೊತ್ತ ಆ್ಯಸಿಡ್ಡಿನ ಆರ್ಡರ್ ಇಲ್ಲಿ ಸೊನ್ನೆಯ ಹತ್ತಿರ! ಕ್ರಿಯೆ ಹಂತಹಂತವಾಗಿ ನಡೆಯುತ್ತದೆ, ಅತಿ ನಿಧಾನದ ಹಂತವೇ ಒಟ್ಟು ವೇಗ ನಿರ್ಧರಿಸುತ್ತದೆ. ಮದುವೆಮನೆಯಲ್ಲಿ ಬಡಿಸುವವರು ಇಬ್ಬರೇ ಇದ್ದರೆ, ಒಳಗೆ ಎಷ್ಟು ಜನ ಅಡುಗೆಭಟ್ಟರಿದ್ದರೇನು, ಪಂಕ್ತಿ ಬೇಗ ಏಳುವುದಿಲ್ಲ.

ನಮ್ಮದು ಮಾರ್ಕು ಮಾಯವಾಗುವ ಒಂದೇ ಕ್ಷಣವನ್ನು ಹಿಡಿಯುವ ವಿಧಾನ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಇದಕ್ಕಿಂತ ಚೆಂದದ ದಾರಿ ಹಿಡಿದಿದ್ದ. ಆ್ಯಸಿಡ್ ಬೆರೆತ ಸಕ್ಕರೆ ದ್ರಾವಣ ಧ್ರುವೀಕೃತ ಬೆಳಕನ್ನು ಮೊದಲು ಬಲಕ್ಕೆ ತಿರುಗಿಸುತ್ತದೆ. ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತ ಹೋದಂತೆ ಆ ತಿರುವು ಎಡಕ್ಕೆ ಹೊರಳುತ್ತದೆ. ದ್ರಾವಣವನ್ನು ಮುಟ್ಟದೆ, ಆ ಕೋನವನ್ನಷ್ಟೇ ಓದುತ್ತ, ಯಾವ ಗಳಿಗೆಯಲ್ಲೂ ವೇಗ ಉಳಿದ ಸಕ್ಕರೆಗೆ ಅನುಗುಣ ಎಂದು ಅವನು ಕಂಡುಕೊಂಡ.

ಮಕ್ಕಳಿಗೆ ನಾನು ವಿಧಿಸುವ ಕಟ್ಟಪ್ಪಣೆ ಎರಡು. ಒಂದು ತಂಡದಲ್ಲಿ ಮಾರ್ಕು ನೋಡುವವರು ಕೊನೆಯವರೆಗೂ ಒಬ್ಬರೇ ಆಗಿರಬೇಕು. ಬೆಳಗಿನ ಬ್ಯಾಚಿನ ರೀಡಿಂಗನ್ನು ಮಧ್ಯಾಹ್ನದ ಗ್ರಾಫಿಗೆ ಸೇರಿಸಕೂಡದು: ಬಿಸಿ 10 ಡಿಗ್ರಿ ಏರಿದರೆ ಎಷ್ಟೋ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ನಮ್ಮ ಲ್ಯಾಬಿಗೋ ತಗಡಿನ ಸೂರು.