ನೇಪಥ್ಯದಲ್ಲಿ ಭೌತವಿಜ್ಞಾನ

ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚಿದ ಮೇಲೆ ಉಳಿದುಹೋದ ಹುಡುಗ ಹುಡುಗಿಯರನ್ನು 'ನೀವು ಪರದೆ ಎಳೆಯಿರಿ' ಎಂದು ಒಳಗೆ ಕಳುಹಿಸುವುದು ನಮ್ಮಲ್ಲಿ ವಾಡಿಕೆ. ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಿದ್ಯಾರ್ಥಿ ತಂಡವೇ ಇರುತ್ತದೆ. ಬೆಳಕು, ಧ್ವನಿ, ರಂಗಸಜ್ಜಿಕೆ, ಪರಿಕರ ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ. ಪ್ರೇಕ್ಷಕರ ಕಣ್ಣಿಗೆ ಬೀಳದಿರಲೆಂದು ಎಲ್ಲರಿಗೂ ಕಪ್ಪು ಉಡುಪು. ವಿಜ್ಞಾನ ನಾಟಕಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ನಮ್ಮ ಶಿಕ್ಷಕರೂ ಇಂಥ ತಂಡ ಕಟ್ಟಿ ನೋಡಬಹುದು. ಪಠ್ಯಪುಸ್ತಕದ ಭೌತವಿಜ್ಞಾನ ಅಲ್ಲಿ ಕೈಗೇ ಸಿಗುತ್ತದೆ; ವಿದ್ಯುತ್ತಿನ ಪಾಠವಂತೂ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ಒಂದು ಲೆಕ್ಕ ಮಾಡಿ. ವೇದಿಕೆಗೆ 500 ವ್ಯಾಟಿನ ನಾಲ್ಕು ಹ್ಯಾಲೋಜನ್ ದೀಪಗಳನ್ನು ಬಾಡಿಗೆಗೆ ತಂದಿದ್ದೀರಿ. ಒಟ್ಟು 2000 ವ್ಯಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪೇರ್. ತರಗತಿಯ ಗೋಡೆಯ ಸಾಮಾನ್ಯ ಸಾಕೆಟ್ ತಡೆಯುವುದು 6 ಆಂಪೇರ್ ಮಾತ್ರ. 'ಒಂದೂವರೆ ಪಟ್ಟು ತಾನೆ, ಒಂದು ಗಂಟೆ ತಡೆದೀತು' ಎನ್ನಬೇಡಿ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ 1.45 ಪಟ್ಟಾದರೆ ಉಷ್ಣ ಎರಡು ಪಟ್ಟಿಗೂ ಮಿಗಿಲು. ಎಕ್ಸ್‌ಟೆನ್ಷನ್ ತಂತಿಯನ್ನು ಸುರುಳಿಯಲ್ಲೇ ಬಿಟ್ಟಿದ್ದರೆ ಆ ಉಷ್ಣ ಹೊರಹೋಗಲು ದಾರಿಯೂ ಇಲ್ಲ.

ಇನ್ನೂ ಕೆಟ್ಟದ್ದು ಸಡಿಲವಾದ ಜೋಡಣೆ. ಎರಡು ತಂತಿಗಳನ್ನು ಕೈಯಲ್ಲೇ ಹೊಸೆದು ಟೇಪು ಸುತ್ತಿದ ಕಡೆ ಕೇವಲ ಅರ್ಧ ಓಮ್ ರೋಧವಿದೆ ಎಂದುಕೊಳ್ಳಿ. 8.7 ಆಂಪೇರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಉಷ್ಣ ಹೊಮ್ಮುತ್ತದೆ. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸುವ ಬೆಸುಗೆ ಕಡ್ಡಿ ಹಲವೊಮ್ಮೆ 25 ವ್ಯಾಟಿನದು! ಅಂದರೆ ಬಣ್ಣದ ಬಟ್ಟೆಯ ಪರದೆಯ ಬುಡದಲ್ಲಿ ನೀವೊಂದು ಕಾದ ಬೆಸುಗೆ ಕಡ್ಡಿಯನ್ನು ಇಟ್ಟು ಮರೆತಂತೆ. ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವವರು ಈ ಅಪಾಯದ ಏಕೈಕ ಕಾವಲುಗಾರನನ್ನೂ ಮನೆಗೆ ಕಳುಹಿಸುತ್ತಾರೆ.

ಇದು ಬರಿಯ ಹೆದರಿಕೆಯ ಮಾತಲ್ಲ. 1903ರ ಡಿಸೆಂಬರ್ 30ರಂದು ಶಿಕಾಗೋದ ಇರಾಕ್ವಾ ರಂಗಮಂದಿರದಲ್ಲಿ ಮಧ್ಯಾಹ್ನದ ಆಟ ನಡೆಯುತ್ತಿತ್ತು. ಆರ್ಕ್ ದೀಪದ ಕಿಡಿ ಪರದೆಗೆ ತಗುಲಿತು. ಬೆಂಕಿ ತಡೆಯಬೇಕಿದ್ದ ತೆರೆ ಅರ್ಧದಲ್ಲೇ ಸಿಕ್ಕಿಕೊಂಡಿತು. 600ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಮಂದಿ ಬಲಿಯಾದರು. ಅಲ್ಲಿ ಗೋಡೆಗಳಿಗೆ ಹೊದಿಸಿದ್ದುದು ಗೋಣಿತಾಟು.

ಆದ್ದರಿಂದ ಜೋಡಣೆಯ ಕೆಲಸ ಪರವಾನಗಿ ಉಳ್ಳ ಎಲೆಕ್ಟ್ರಿಷಿಯನ್‌ಗೆ, ಲೆಕ್ಕದ ಕೆಲಸ ಮಕ್ಕಳಿಗೆ. ಯಾವ ದೀಪ ಯಾವ ಸಾಕೆಟ್ಟಿಗೆ, ಎಷ್ಟು ಆಂಪೇರ್ ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳೇ ಬರೆದು ಗೋಡೆಗೆ ಅಂಟಿಸಲಿ. ಎಲ್‌ಇಡಿ ದೀಪಗಳು ಸಿಕ್ಕರೆ ಹೊರೆ ಬಹಳ ಇಳಿಯುತ್ತದೆ. (ಹಿಂದಿನ ರಂಗಭೂಮಿಯಲ್ಲಿ ಉಪ್ಪುನೀರಿನ ಜಾಡಿಯಲ್ಲಿ ಲೋಹದ ಫಲಕ ಇಳಿಸಿ, ಎತ್ತಿ, ಬೆಳಕನ್ನು ಏರಿಳಿಸುತ್ತಿದ್ದರು. ತತ್ತ್ವ ಸೊಗಸಾಗಿದೆ, ಆದರೆ ಮಾರಕ. ಪ್ರಯತ್ನಿಸಲೇಬೇಡಿ.)

ಈಗ ಕತ್ತಲೆಗೆ ಬನ್ನಿ. ದೃಶ್ಯ ಮುಗಿದು ದೀಪ ಆರಿದೊಡನೆ ಕುರ್ಚಿ ಮೇಜುಗಳನ್ನು ಬದಲಿಸಬೇಕು. ಆದರೆ ಆಗ ಕಣ್ಣೇ ಕಾಣುವುದಿಲ್ಲ! ಅಕ್ಷಿಪಟಲದ ಶಂಕುಕೋಶಗಳು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು 10 ನಿಮಿಷ, ದಂಡಕೋಶಗಳು ಪೂರ್ಣ ಚುರುಕಾಗಲು 20ರಿಂದ 30 ನಿಮಿಷ ಬೇಕು. ನಿಮಗೆ ಸಿಗುವುದು ಹದಿನೈದು ಸೆಕೆಂಡು. ಹಾಗಾಗಿ ಪರಿಕರ ಹೊರುವವರು ದೃಶ್ಯದುದ್ದಕ್ಕೂ ಮಂದ ಬೆಳಕಿನಲ್ಲೇ ಇರಬೇಕು, ವೇದಿಕೆಯ ದೀಪವನ್ನು ನೋಡಬಾರದು. ದಂಡಕೋಶಗಳಿಗೆ ಗಾಢ ಕೆಂಪು ಬೆಳಕು ಹೆಚ್ಚುಕಡಿಮೆ ತಾಗುವುದೇ ಇಲ್ಲ. ಆದ್ದರಿಂದ ಕೆಂಪು ಗಾಜುಕಾಗದ ಕಟ್ಟಿದ ಸಣ್ಣ ಟಾರ್ಚಿನಲ್ಲಿ ಚೀಟಿ ಓದಿದರೂ ಅವುಗಳ ಹೊಂದಾಣಿಕೆ ಹೆಚ್ಚು ಕೆಡುವುದಿಲ್ಲ. ದೀಪ ಆರುವ ಮುಂಚೆ ಒಂದು ಕಣ್ಣನ್ನು ಕೆಲ ನಿಮಿಷ ಮುಚ್ಚಿಟ್ಟುಕೊಂಡು ಕತ್ತಲಾದ ಮೇಲೆ ತೆರೆದು ನೋಡಿ. ಎರಡು ಕಣ್ಣುಗಳ ವ್ಯತ್ಯಾಸ ತರಗತಿಯಲ್ಲೇ ಮಾಡಬಹುದಾದ ಒಳ್ಳೆಯ ಪ್ರಯೋಗ.

ರಂಗಸಜ್ಜಿಕೆ ಬೀಳದಂತೆ ನಿಲ್ಲಿಸುವುದು ಭ್ರಾಮಕದ ಲೆಕ್ಕ. 2.4 ಮೀಟರ್ ಎತ್ತರದ ಬಟ್ಟೆಯ ಚೌಕಟ್ಟಿನ ತುದಿಯನ್ನು ಯಾರೋ ಹಿಂದಿನಿಂದ 5 ಕಿಲೋಗ್ರಾಂ ತೂಕದಷ್ಟು ಬಲದಿಂದ ತಗುಲಿದರೆ ಮಗುಚುವ ಭ್ರಾಮಕ 12 ಘಟಕ. ಹಿಂಬದಿಗೆ ಭದ್ರವಾಗಿ ಬಿಗಿದ ಆಸರೆಗೋಲಿನ ಬುಡ 1.2 ಮೀಟರ್ ದೂರದಲ್ಲಿದ್ದು, ಅದರ ಮೇಲೆ 10 ಕಿಲೋಗ್ರಾಂ ಮರಳಿನ ಚೀಲವಿದ್ದರೆ ಸರಿಸಮ. ಜಾಗವಿಲ್ಲವೆಂದು ಬುಡವನ್ನು 60 ಸೆಂಟಿಮೀಟರಿಗೆ ಎಳೆದುಕೊಂಡರೆ? 20 ಕಿಲೋಗ್ರಾಂ ಬೇಕು. ಮರಳು ಅಗ್ಗ, ಧಾರಾಳವಾಗಿ ಹಾಕಿ.

ಇವೆಲ್ಲವನ್ನೂ ಹೊಂದಿಸುವವರು ರಂಗನಿರ್ವಾಹಕರು. ಅವರು ಮೊದಲು 'ಸಿದ್ಧ' ಎನ್ನುತ್ತಾರೆ, ಆಮೇಲೆ 'ಈಗ' ಎನ್ನುತ್ತಾರೆ. ಎರಡು ಮಾತು ಏಕೆ? ಸಂಕೇತ ಸಿಕ್ಕಿ ಬೆರಳು ಚಲಿಸಲು ನಮಗೆ ಸುಮಾರು 0.2 ಸೆಕೆಂಡು ಬೇಕು. ಎಚ್ಚರಿಕೆ ಇಲ್ಲದಿದ್ದರೆ ಇನ್ನೂ ಹೆಚ್ಚು. ಗೆಳೆಯ ಕೈಬಿಟ್ಟ ಅಳತೆಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಇದನ್ನು ಅಳೆಯಿರಿ: 20 ಸೆಂಟಿಮೀಟರ್ ಜಾರಿದ್ದರೆ ನಿಮ್ಮ ಸಮಯ 0.2 ಸೆಕೆಂಡು.

ಒಂದು ಕಡೆ ಮಾತ್ರ ತಡ ಮಾಡಲೇಬೇಕು. ಮಿಂಚಿನ ದೀಪ ಬೆಳಗಿದ ಕ್ಷಣದಲ್ಲೇ ಗುಡುಗಿನ ತಗಡನ್ನು ಅಲುಗಿಸಿದರೆ ಸಿಡಿಲು ಪಾತ್ರಧಾರಿಯ ತಲೆಯ ಮೇಲೇ ಬಡಿದಂತೆ! ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. ಮಳೆ ದೂರದ ಗುಡ್ಡದಲ್ಲಿದ್ದರೆ ತಗಡು ಹಿಡಿದವರು ಆರರವರೆಗೆ ಎಣಿಸಲಿ; ಬಿರುಗಾಳಿ ಹತ್ತಿರ ಬಂದಂತೆಲ್ಲ ಎಣಿಕೆ ನಾಲ್ಕು, ಎರಡು, ಒಂದು ಎಂದು ಇಳಿಯಲಿ.